ತಪ್ಪಿದ ಏಟುಗಳು

ಬಂದರು ಬೀದಿಯ ಕರಾಟೆ ಶಾಲೆಯ ಗುರು ಇಸೊಬೆ ತೊಕುಜಿ ಅವರಿಗೆ ಎಪ್ಪತ್ತಮೂರು ವರ್ಷ. ಬರುವ ಭಾನುವಾರಕ್ಕೆ ಶಾಲೆ ಶುರುವಾಗಿ ನಲವತ್ತು ವರ್ಷ ತುಂಬುತ್ತಿತ್ತು. ಅಂದು ಊರಿನವರ ಮುಂದೆ ಅವರು ನಡುವೆ ನಿಲ್ಲಬೇಕು, ಆರು ಜನ ಶಿಷ್ಯರು ಸುತ್ತ ನಿಂತು ಕೋಲು ಬೀಸಬೇಕು, ಒಂದೇಟೂ ಮೈಗೆ ತಾಗಬಾರದು. ಪ್ರತಿ ವರ್ಷದ ಪದ್ಧತಿ ಅದು. ಈವರೆಗೆ ಒಂದೂ ತಾಗಿರಲಿಲ್ಲ. ಅಂಥವರನ್ನು ಬುಧವಾರ ಬೆಳಿಗ್ಗೆ ಒಂದು ಟಿವಿ ಸೋಲಿಸಿಬಿಟ್ಟಿತು ಎಂದರೆ ಯಾರು ನಂಬುತ್ತಾರೆ?

ಆವತ್ತು ಸಮುದಾಯ ಭವನದಲ್ಲಿ ಹಿರಿಯರ ಆರೋಗ್ಯ ಶಿಬಿರ. ಬಿಪಿ ನೋಡಿಸಿಕೊಂಡು ಬರೋಣ ಎಂದು ಹೆಂಡತಿ ಫುಸಾ ಎಳೆದುಕೊಂಡು ಹೋಗಿದ್ದರು. ಅಲ್ಲೊಂದು ಮೂಲೆಯಲ್ಲಿ ದೊಡ್ಡ ಪರದೆ, ಅದರ ನೆತ್ತಿಯ ಮೇಲೆ ಕ್ಯಾಮೆರಾ, ಕೆಳಗೆ ಚಾಪೆ. ಚಾಪೆಯ ಮೇಲೆ ನಿಂತರೆ ಪರದೆಯೊಳಗೆ ಬಿಳಿ ಕರಾಟೆ ಬಟ್ಟೆಯ ಗೊಂಬೆಯೊಂದು ನೀವು ಮಾಡಿದಂತೆಯೇ ಮಾಡುತ್ತದೆ. ಎದುರಿನಿಂದ ಮರದ ದಿಮ್ಮಿ, ಕೋಲು, ಕಬ್ಬಿಣದ ಚಕ್ರ ಹಾರಿ ಬರುತ್ತವೆ. ಬಗ್ಗಿಯೋ ಸರಿದೋ ತಪ್ಪಿಸಿಕೊಳ್ಳಬೇಕು. ಒಟ್ಟು ಹತ್ತು. ಕೊನೆಗೆ ಯಂತ್ರವೇ ಒಂದು ಬೆಲ್ಟ್ ಕೊಡುತ್ತದೆ.

ಮೊದಲು ಫುಸಾ ನಿಂತರು. ಅಡುಗೆಮನೆಗೆ ನುಗ್ಗಿದ ಕೋಳಿ ಓಡಿಸುವವರ ಹಾಗೆ ಕೈಕಾಲು ಬಡಿದು, ಕಿರುಚಿ, ನಕ್ಕು, ಏಳನ್ನು ತಪ್ಪಿಸಿಕೊಂಡರು. ಪರದೆಯ ಮೇಲೆ ಹಸಿರು ಬೆಲ್ಟ್ ಬಂತು.

"ರೀ, ಹಸಿರು ಬೆಲ್ಟು ಕಣ್ರೀ! ನಲವತ್ತು ವರ್ಷ ನಿಮ್ಮ ಬೆವರಿನ ಬಟ್ಟೆ ಒಗೆದಿದ್ದಕ್ಕೆ ಇವತ್ತು ಸಿಕ್ತು ನೋಡಿ."

ಇಸೊಬೆ ಚಾಪೆ ಹತ್ತಿದವರೇ ಅಭ್ಯಾಸಬಲದಿಂದ ಸೊಂಟ ಬಗ್ಗಿಸಿ ವಂದಿಸಿದರು. ಬಗ್ಗಿದ ತಲೆಗೇ ಮೊದಲ ದಿಮ್ಮಿ ಧಡ್ ಎಂದು ಬಡಿಯಿತು. ಸುತ್ತ ನಿಂತವರು ಗೊಳ್ಳೆಂದರು.

"ಅದಕ್ಕೆಲ್ಲ ಯಾಕ್ರೀ ನಮಸ್ಕಾರ? ಅದೇನು ತಿರುಗಿ ಮಾಡತ್ತಾ?" ಎಂದರು ಫುಸಾ.

ಸರಿ, ಮೊದಲನೆಯದು ನಮಸ್ಕಾರಕ್ಕೆ ಹೋಯಿತು. ಉಳಿದ ಒಂಬತ್ತು? ಅವರು ಎಂದಿನಂತೆ ಹೆಗಲು ತಿರುಗಿಸಿದರು, ಎಂದಿನಂತೆ ಕಾಲು ಹಿಂದೆ ಸರಿಸಿದರು. ಧಡ್, ಧಡ್, ಧಡ್. ಬಿಳಿ ಬೆಲ್ಟ್. ನಾಲ್ಕನೇ ತರಗತಿಯ ಮಕ್ಕಳು ಮೊದಲ ದಿನ ಕಟ್ಟಿಕೊಳ್ಳುವ ಬಿಳಿ ಬೆಲ್ಟ್! ಎರಡನೇ ಸಲ ವಂದಿಸಲೂ ಇಲ್ಲ, ಮೈಯನ್ನು ದೊಡ್ಡದಾಗಿಯೇ ಬಾಗಿಸಿದರು. ಎಂಟು ಏಟು ಬಿತ್ತು.

"ತಾತ, ಸ್ವಲ್ಪ ಬೇಗ ಬೇಗ!" ಎಂದು ಯಂತ್ರ ನೋಡಿಕೊಳ್ಳುವ ಹುಡುಗಿ ಹುರಿದುಂಬಿಸಿದಳು.

ಮನೆಗೆ ಬಂದು ಊಟಕ್ಕೆ ಕೂತರು. ಬಟ್ಟಲಿನಲ್ಲಿ ಉದೋನ್ ಸೇವಿಗೆ ಊದಿ ಮೆತ್ತಗಾಯಿತು. ಕ್ಯಾಮೆರಾ ಕೆಟ್ಟಿತ್ತೇ? ಕೆಟ್ಟಿದ್ದರೆ ಫುಸಾಳಿಗೆ ಹೇಗೆ ಸರಿಯಿತ್ತು? ಕನ್ನಡಕ ಬದಲಿಸಬೇಕೇ? ತಾವು ಸರಿದದ್ದು ತಮಗೇ ಗೊತ್ತು, ಸರಿಯಲಿಲ್ಲ ಎನ್ನುತ್ತದೆ ಯಂತ್ರ. ಇಬ್ಬರಲ್ಲಿ ಯಾರು ಸುಳ್ಳು ಹೇಳುತ್ತಿದ್ದಾರೆ? ಅವರ ತಲೆ ಕೆಟ್ಟು ಹೋಯಿತು.

"ಮಕ್ಕಳಾಟದ ಸಾಮಾನು, ಬಿಟ್ಹಾಕ್ರೀ" ಎಂದರು ಫುಸಾ, ಅವರ ಮುಖ ನೋಡದೆ.

ನಾಲ್ಕು ಗಂಟೆಗೆ ಶಾಲೆಗೆ ಹೋದರು. ಮಿನೆಕೊ ಒಬ್ಬಳೇ ನೆಲ ಒರೆಸುತ್ತಿದ್ದಳು. ಪಕ್ಕದ ಬೀದಿಯ ತೋಫು ಅಂಗಡಿ ಅವಳದು. ಇಪ್ಪತ್ತಾರು ವರ್ಷದಿಂದ ಇಲ್ಲಿ ಶಿಷ್ಯೆ, ಇವರ ನಂತರ ಶಾಲೆ ನಡೆಸಬೇಕಾದವಳು.

"ಕೋಲು ತಗೋ. ಹೊಡಿ" ಎಂದರು.

ಅವಳು ಇಪ್ಪತ್ತು ಏಟು ಬೀಸಿದಳು. ಇಪ್ಪತ್ತೂ ತಪ್ಪಿದವು. ಸಮಾಧಾನವಾಗಬೇಕಿತ್ತು, ಆಗಲಿಲ್ಲ, ಗೊಂದಲ ಇನ್ನೂ ಹೆಚ್ಚಾಯಿತು. ಬೆಳಿಗ್ಗೆ ಸರಿಯದ ಮೈ ಸಂಜೆ ಹೇಗೆ ಸರಿಯಿತು? ಇಪ್ಪತ್ತೊಂದನೇ ಏಟಿಗೆ ಅವರಿಗೆ ಏನನ್ನಿಸಿತೋ, ಕಂಬದ ಹಾಗೆ ನಿಂತುಬಿಟ್ಟರು. ರೆಪ್ಪೆಯನ್ನೂ ಬಡಿಯಲಿಲ್ಲ.

ಕೋಲು ಸುಂಯ್ ಎಂದು ಕಿವಿಯ ಪಕ್ಕದಲ್ಲಿ ಇಳಿದು, ಹೆಗಲಿಗೆ ಹೆಬ್ಬೆರಳಷ್ಟು ಆಚೆಯಿಂದ ಹೋಯಿತು.

"ನಾನು ಅಲ್ಲಾಡಲೇ ಇಲ್ವಲ್ಲ, ಮಿನೆಕೊ."

"ಹೌದಾ ಗುರುಗಳೇ? ನಂಗೆ... ನೀವು ಸರಿದ ಹಾಗೇ ಕಾಣಿಸ್ತು."

"ಇನ್ನೊಂದು ಸಲ ಹೊಡಿ."

ಈ ಸಲ ಇನ್ನೊಂದು ಹೆಗಲಿನ ಪಕ್ಕ, ಅಷ್ಟೇ ಅಂತರ. ಮಿನೆಕೊಳ ಮುಖ ಕೆಂಪಾಯಿತು. ಕೋಲು ಕೆಳಗಿಟ್ಟು ಮಂಡಿಯೂರಿ ಕೂತಳು.

"ಎಷ್ಟು ದಿನದಿಂದ?" ಎಂದರು ಇಸೊಬೆ.

"ನಿಮ್ಮ ಮಂಡಿ ಆಪರೇಷನ್ ಆಯ್ತಲ್ಲ, ಆವಾಗಿಂದ."

ಹನ್ನೊಂದು ವರ್ಷ! "ಎಲ್ಲರೂನಾ?"

"ಹೊಸಬರು ಕೋಲು ಹಿಡಿದ್ರೆ ಮೊದಲು ಕಲಿಸೋದೇ ಅದನ್ನ, ಗುರುಗಳೇ. ಮೆಲ್ಲಗೆ ಹೊಡೆದ್ರೆ ನಿಮಗೆ ಗೊತ್ತಾಗ್ಬಿಡತ್ತೆ. ಅದಕ್ಕೇ ಜೋರಾಗೇ ಹೊಡೀಬೇಕು, ಆದ್ರೆ ತಾಗಬಾರ್ದು."

"ಫುಸಾಗೆ ಗೊತ್ತಾ?"

"ಅಮ್ಮಾವ್ರೇ ಬಂದು ಕೇಳ್ಕೊಂಡಿದ್ದು."

ಇಸೊಬೆಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ತೀರಿಸಿಕೊಳ್ಳಬೇಕೆಂದೇ ತಿಳಿಯಲಿಲ್ಲ. ನಾಚಿಕೆಯಾಯಿತು, ಅಳುವೂ ಬಂತು. ಇದ್ದಕ್ಕಿದ್ದಂತೆ ತಮ್ಮ ಗುರುಗಳು ನೆನಪಾದರು. ಇಪ್ಪತ್ತೊಂಬತ್ತರ ವಯಸ್ಸಿನಲ್ಲಿ ಇದೇ ಇಸೊಬೆ ಆ ಮುದುಕರ ಪಕ್ಕಕ್ಕೆ ಕೋಲು ಇಳಿಸುತ್ತಿದ್ದರಲ್ಲ! ಪಾಪ, ಇವರಿಗೆ ಗೊತ್ತೇ ಆಗುವುದಿಲ್ಲ ಎಂದು ಒಳಗೊಳಗೇ ಮರುಗುತ್ತಿದ್ದರು. ಅದೇ ಮರುಕ ಒಂದು ದಿನ ತಮ್ಮ ಹೆಗಲಿನ ಪಕ್ಕವೂ ಇಳಿಯಬಹುದು ಎಂದು ಒಮ್ಮೆಯಾದರೂ ಹೊಳೆಯಬೇಡವೇ? ಆ ಮುದುಕರಿಗೆ ಗೊತ್ತಿತ್ತೋ ಏನೋ. ಕೇಳೋಣವೆಂದರೆ ಈಗ ಅವರಿಲ್ಲ.

ಹನ್ನೊಂದು ವರ್ಷ, ಅಷ್ಟು ಜೋರಿನ ಏಟು, ಒಮ್ಮೆಯೂ ಮೈಗೆ ಸೋಕಿಲ್ಲ. ತಪ್ಪಿಸಿಕೊಳ್ಳುವುದಕ್ಕಿಂತ ಅದು ಕಷ್ಟದ ವಿದ್ಯೆ. ಅದನ್ನು ತಾವಂತೂ ಕಲಿಸಿರಲಿಲ್ಲ.

"ಕೋಲು ಕೊಡು ಇಲ್ಲಿ. ನೀನು ನಡುವೆ ನಿಲ್ಲು."

"ಗುರುಗಳೇ, ಭಾನುವಾರ ನೀವೇ..."

"ನಿಲ್ಲು ಅಂದೆ."

ಅವಳು ನಿಂತಳು. ಇಸೊಬೆ ಇದ್ದಬದ್ದ ಬಲವನ್ನೆಲ್ಲ ಹಾಕಿ ಅವಳ ಹೆಗಲಿಗೇ ಗುರಿಯಿಟ್ಟು ಬೀಸಿದರು. ಮಿನೆಕೊ ಮಿಂಚಿನಂತೆ ಸರಿದಳು. ಕೋಲು ಹಲಗೆಯ ನೆಲಕ್ಕೆ ಬಡಿದು ಅವರ ಅಂಗೈ ಜುಮ್ಮೆಂದಿತು.

"ಅಯ್ಯಯ್ಯೋ, ನಿಜವಾಗ್ಲೂ ಹೊಡೆದುಬಿಟ್ರಲ್ಲ ಗುರುಗಳೇ!"

"ಮತ್ತಿನ್ನೇನು? ಭಾನುವಾರ ನಡುವೆ ನಿಲ್ಲೋಳು ನೀನೇ. ಸುತ್ತ ನಿಲ್ಲೋ ಆರು ಜನರಲ್ಲಿ ನಾನೊಬ್ಬ." ಕೋಲನ್ನು ಮತ್ತೆ ಎತ್ತಿ ಹಿಡಿದರು. "ನಿನಗ್ಯಾಕೆ ಪಕ್ಕಕ್ಕೆ ಹೊಡೀಲಿ? ನೀನಿನ್ನೂ ಮುದುಕಿ ಆಗಿಲ್ವಲ್ಲೇ."