ಖಂಡೆಪ್ಪ ಪಾಸು ಮಾಡಿದ ಗಿಟಾರು

ಸಂಗಣ್ಣ ಕೊಡಲಿ ಎತ್ತುತ್ತಿದ್ದಂತೆ ಶಿವಕಾಂತಮ್ಮ ಹೋಗಿ ಗಿಟಾರಿನ ಮೇಲೆ ಕವಿದುಕೊಂಡಳು. ಮುಟ್ಟಿದ್ದು ಯಾವುದನ್ನು ಎಂದು ನೆನಪಾದದ್ದು ಆಮೇಲೆ. ಮೈಯೆಲ್ಲ ಮುಳ್ಳೆದ್ದಿತು.

“ಅತ್ಲಾಗ ಸರಿ ವೈನಿ,” ಎಂದ ಮೈದುನ ಸಂಗಣ್ಣ. “ಅಣ್ಣನ್ನ ತಿಂದದ್ದು ಇದೇ. ಒಡದು ಕುಣಿಯೊಳಗ ಹಾಕ್ತೀನಿ.”

ಹೊರಗೆ ಅಂಗಳದಲ್ಲಿ ಅವಳ ಗಂಡ ಖಂಡೆಪ್ಪನನ್ನು ಮಣೆಯ ಮೇಲೆ ಕೂರಿಸಿ, ಬೆನ್ನಿಗೆ ಹಲಗೆ ಕೊಟ್ಟು ಕಟ್ಟಿದ್ದರು. ಮಣ್ಣಿಗೆ ಒಯ್ಯುವ ಮುನ್ನ ಸ್ನಾನವಾಗಬೇಕಿತ್ತು. ನಿನ್ನೆ ಸಂಜೆ ಈ ತಗಡಿನ ಶೆಡ್ಡಿನಲ್ಲಿ, ಕರೆಂಟಿಗೆ ಹಚ್ಚಿದ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡೇ ಅವನು ಸೆಟೆದುಹೋಗಿದ್ದ. ಎದೆ ನಿಂತಿದೆ ಎಂದರು ಡಾಕ್ಟರು. ಯಾಕೆ ನಿಂತಿತೆಂದು ಹೇಳಲಿಲ್ಲ.

ಗಿಟಾರು ಶಹಾಬಾದಿನ ಆರ್ಕೆಸ್ಟ್ರಾದ ಶೌಕತ ಅಲಿಯದು. ತಲೆಗೆ ಕರವಸ್ತ್ರ ಕಟ್ಟಿಕೊಂಡು ಅವನೂ ಮಣ್ಣಿಗೆಂದು ಈ ರಾವೂರಿಗೆ ಬಂದಿದ್ದ. ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದ:

“ಭಾಭಿ, ಪಾಸ್ ಆಗಿತ್ತೇನ್ರಿ?”

ನಾಳೆ ಚಿತ್ತಾಪುರದ ಮದುವೆಯಲ್ಲಿ ಅದನ್ನು ಕೊರಳಿಗೆ ಹಾಕಿಕೊಳ್ಳುವವನು ಅವನೇ. ಪಾಸು ಮಾಡಿದ್ದು ಗಂಡನೊಬ್ಬನೇ ಅಲ್ಲ, ಶಿವಕಾಂತಮ್ಮನೂ.

*

ತಂಬೂರಿಗೂ ನಾಲ್ಕು ತಂತಿ, ಬಾಸ್ ಗಿಟಾರಿಗೂ ನಾಲ್ಕೇ ತಂತಿ. ಆ ಧೈರ್ಯದ ಮೇಲೆ ಶೌಕತ ಅಲಿ ಮೊದಲ ಗಿಟಾರನ್ನು ತಂಬೂರಿ ಮಾಡುವ ಖಂಡೆಪ್ಪನ ಬಳಿ ತಂದಿದ್ದ. ಅವನೂ ಭಕ್ತಿಯಿಂದ ಅದನ್ನು ತಂಬೂರಿಯಂತೆಯೇ ಶ್ರುತಿ ಮಾಡಿಕೊಟ್ಟ. ಆ ಮದುವೆಯಲ್ಲಿ ಹಾಡು ಒಂದು ದಿಕ್ಕಿಗೆ, ಗಿಟಾರು ಒಂದು ದಿಕ್ಕಿಗೆ ಹೋಗಿ, ಊಟಕ್ಕೆ ಮೊದಲೇ ಪರದೆ ಇಳಿಸಿದರಂತೆ.

ಆಮೇಲೆ ಖಂಡೆಪ್ಪ ಗಿಟಾರು ಪರೀಕ್ಷಿಸುವುದನ್ನು ಕಲಿತ. ಕತ್ತನ್ನು ಒಂದೇ ಕಣ್ಣಿನಿಂದ ಉದ್ದಕ್ಕೆ ನೋಡುವುದು, ಜೋಡಣೆಯ ಸಂದಿಗೆ ಉಗುರು ಹಾಕುವುದು, ಕತ್ತಿನ ಪಟ್ಟಿಗಳ ನಡುವಿನ ಒಂದೊಂದು ಮನೆಯಲ್ಲೂ ತಂತಿ ಒತ್ತಿ ಅದು ಗಿರ್ ಎನ್ನುವುದೇ ಎಂದು ಆಲಿಸುವುದು, ಕರೆಂಟಿಗೆ ಹಚ್ಚುವ ಮುನ್ನ ಬರೀ ಮರಕ್ಕೆ ಕಿವಿಯಿಡುವುದು. ಕರೆಂಟು ದನಿಯನ್ನು ದೊಡ್ಡದು ಮಾಡುತ್ತದೆಯೇ ಹೊರತು ಛಲೋ ಮಾಡುವುದಿಲ್ಲ ಎನ್ನುತ್ತಿದ್ದ. ಥಳಥಳ ಹೊಳೆಯುವ ಒಂದನ್ನು, ಬಣ್ಣ ಮದುವೆಗೆ ಬಂದಿದೆ, ಕುತ್ತಿಗೆ ದವಾಖಾನೆಗೆ ಹೊರಟಿದೆ ಎಂದು ತಿರುಗಿ ಕಳಿಸಿದ್ದ.

ಕೊನೆಯ ಪರೀಕ್ಷೆ ಹೆಂಡತಿಯದು. ಅವಳು ಒಲೆಯ ಮುಂದಿನಿಂದಲೇ ವಚನದ ಸಾಲೊಂದನ್ನು ಎತ್ತಬೇಕು. ಅವನು ದಪ್ಪ ತಂತಿ ಮೀಟುವನು. ಅದು ಅವಳ ದನಿಯನ್ನು ಮುಚ್ಚದೆ, ಹಾಸಿದ ಕಂಬಳಿಯಂತೆ ಕೆಳಗೆ ಕುಳಿತರೆ ಪಾಸು.

ನಿನ್ನೆಯೂ ಕೇಳಿದ್ದ, “ಕುಂತದೇನ?”

“ಕುಂತದ,” ಎಂದಿದ್ದಳು.

ದಪ್ಪ ತಂತಿ ಇನ್ನೊಮ್ಮೆ ನುಡಿಯಿತು. ಆಮೇಲೆ ಅವನು ಏನೂ ಕೇಳಲಿಲ್ಲ.

*

“ಪಾಸ್ ಆಗಿತ್ತಪ್ಪ,” ಎಂದಳು ಶೌಕತ ಅಲಿಗೆ. “ಆದ್ರ ನೀ ಮುಟ್ಟಬ್ಯಾಡ. ಅಂಜಿಕಿ ಆಗಾಕತ್ತದ ನನಗ.”

ಶೌಕತ ಅಲಿ ಜೇಬಿನಿಂದ ಟೆಸ್ಟರು ತೆಗೆದ. ಅದರೊಳಗಿನ ಸಣ್ಣ ದೀಪ ಹೊತ್ತಿದರೆ ಕರೆಂಟು ಇದೆಯೆಂದೇ ಅರ್ಥ. ಗಿಟಾರನ್ನು ನಿನ್ನೆಯಂತೆಯೇ ಹಚ್ಚಿ, ಒಂದೊಂದೇ ತಂತಿಗೆ ಟೆಸ್ಟರಿನ ಮೂತಿ ತಾಗಿಸಿದ. ಶಿವಕಾಂತಮ್ಮ ದೇವರ ಹೆಸರು ಹೇಳುತ್ತ ಆ ದೀಪದಲ್ಲೇ ಕಣ್ಣು ಕೀಲಿಸಿ ನಿಂತಳು. ದೀಪ ಹೊತ್ತಲಿಲ್ಲ.

“ನಿನ್ನ ದೀಪಾನೇ ಸತ್ತದ ನೋಡು ಸಾಬ,” ಎಂದ ಸಂಗಣ್ಣ.

ಹಾಗಾದರೆ ಹೊತ್ತಿಸಿ ತೋರಿಸುತ್ತೇನೆ ಎಂದು ಶೌಕತ ಅಲಿ ಸ್ವಿಚ್ಚಿನ ಕಡೆ ಹೊರಳಿದ. ಹೊರಳುವಾಗ ಟೆಸ್ಟರಿನ ಮೂತಿ ತಗಡಿನ ಗೋಡೆಗೆ ತಾಗಿತು.

ದೀಪ ಕೆಂಪಗೆ ಹೊತ್ತಿತು.

ಮತ್ತೆ ಇಟ್ಟ. ಮತ್ತೆ ಹೊತ್ತಿತು. ನಿನ್ನೆಯ ಬಿರುಗಾಳಿಗೆ ತಗಡಿನ ಅಂಚು ಬೀದಿಯಿಂದ ಬಂದ ವೈರಿನೊಳಗೆ ಇಳಿದಿತ್ತು. ಖಂಡೆಪ್ಪ ಬರಿಬೆನ್ನು ಆನಿಸಿ ಕೂರುತ್ತಿದ್ದ ಜಾಗ ಅದರ ಕೆಳಗೇ. ಫ್ಯೂಜು ಕೀಳಲು ಶೌಕತ ಅಲಿ ಕಂಬದತ್ತ ಓಡಿದ. ಸಂಗಣ್ಣನ ಕೈಯಿಂದ ಕೊಡಲಿ ಜಾರಿತು.

ಶಿವಕಾಂತಮ್ಮ ಅಂಗಳಕ್ಕೆ ಬಂದಳು. ಬಿಸಿಲೇರಿತೆಂದು ಭಜನೆಯವರು ಬರಿಗಾಲಲ್ಲಿ ತಗಡಿನ ನೆರಳಿಗೆ ಸರಿದು ಕುಳಿತಿದ್ದರು. ತಗಡಿಗೂ ಅವರ ಬೆನ್ನಿಗೂ ಗೇಣು ದೂರ. ಮೊದಲ ಕೊಡ ಆಗಲೇ ಬಿದ್ದಿತ್ತು. ಗಂಡನ ಪಾದದಿಂದ ಇಳಿದ ನೀರು ವಿಭೂತಿ ಕಲಸಿಕೊಂಡು ಬೆಳ್ಳಗೆ, ಇಳಿಜಾರು ಹಿಡಿದು ಆ ತಗಡಿನತ್ತ, ಅವರತ್ತ ಹೊರಟಿತ್ತು. ಫ್ಯೂಜು ಇನ್ನೂ ಕಿತ್ತಿರಲಿಲ್ಲ.

ಏಳಿರೆಂದು ಕೂಗಿದಳು. ಭಜನೆಯ ತಾಳ ಅವಳ ದನಿಯನ್ನು ಮುಚ್ಚಿತು.

ಬೋರಲು ಬಿದ್ದು ನೀರಿಗೆ ಅಡ್ಡವಾದಳು. ಎರಡೂ ಕೈಯಿಂದ ಮಣ್ಣು ಬಾಚಿ ಬಾಚಿ ಒಡ್ಡು ಕಟ್ಟತೊಡಗಿದಳು. ತಾಳ ಇನ್ನಷ್ಟು ಏರಿತು. ಎತ್ತಲು ಬಂದ ಹೆಂಗಸರನ್ನು ಖಂಡೆಪ್ಪನ ಅಕ್ಕ ಗುಂಡಮ್ಮ ತಡೆದಳು.

“ಬಿಡ್ರೇ. ಮನಸ್ತುಂಬ ಅಳ್ಲಿ,” ಎಂದವಳು ಸೆರಗಿನಿಂದ ಕಣ್ಣೊರೆಸಿಕೊಂಡು ಎರಡನೆಯ ಕೊಡ ಎತ್ತಿದಳು.