ಮಾವನ ಕ್ಯಾಮೆರಾದ ಬೆಲೆ

ಹೋದ ವರ್ಷ ಗಣಪತಿ ಹಬ್ಬ ಮುಗಿದ ಮೇಲೆ ನಮ್ಮ ಯಜಮಾನರು ಫೋಟೋ ಸ್ಟುಡಿಯೊಗೆ ಬೀಗ ಹಾಕಿ ಮನೆಗೆ ಬಂದು ಮಲಗಿದರು. ಮಲಗಿದರು ಅಂದರೆ ಮಲಗಿಯೇ ಬಿಟ್ಟರು. ಹೆಸರು ಅಮರ. ಪುಣೆಯ ಧನಕವಡಿಯಲ್ಲಿ, ಕಾಲೇಜು ರಸ್ತೆಯಲ್ಲಿ ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆದುಕೊಂಡೇ ಇಷ್ಟು ವರ್ಷ ಬದುಕಿದವರು. ಈಗಿನ ಹುಡುಗರು ಯಾವುದೋ ಗೋಡೆಗೆ ಬೆನ್ನು ಹಚ್ಚಿ ಫೋನಿನಲ್ಲೇ ತೆಗೆದುಕೊಳ್ಳುತ್ತಾರೆ. ಗೋಡೆ ಹೊಲಸಾಗಿದ್ದರೆ ಫೋನೇ ಅದಕ್ಕೆ ಸುಣ್ಣ ಬಳಿಯುತ್ತದೆ. ಇದಕ್ಕೆ ಯಾರನ್ನು ಬೈಯುವುದು? ಬೇರೆ ಯಾರೂ ಸಿಗದೆ ನಾನು ಗಂಡನನ್ನೇ ಬೈದೆ.

ಮನೆ ಹೇಗೋ ನಡೆಯುತ್ತಿತ್ತು. ಹಾಸ್ಟೆಲ್ ಹುಡುಗರಿಗೆ ರೊಟ್ಟಿ-ಪಲ್ಯದ ಡಬ್ಬಿ ಕಟ್ಟಿಕೊಡುತ್ತೇನೆ, ಉಪವಾಸ ಬೀಳುವ ಹೆದರಿಕೆ ನನಗಿರಲಿಲ್ಲ. ಹೆದರಿಕೆ ಮಂಚದ ಮೇಲಿನ ಮನುಷ್ಯನದು. ದಾಡಿ ಮಾಡಿಕೊಳ್ಳುವುದು ಬಿಟ್ಟರು, ಸ್ನಾನ ಬಿಟ್ಟರು, ಊಟಕ್ಕೆ ಕರೆದರೆ ಕಣ್ಣು ಮುಚ್ಚಿಕೊಂಡರು. ಒಂದು ದಿನ, "ನಾ ಇದ್ದರೇನು ಬಿಟ್ಟರೇನು, ರೇಣು? ನಿನಗ ಒಂದು ಡಬ್ಬಿ ಉಳೀತದ ಅಷ್ಟ" ಅಂದರು. ಅವತ್ತಿನಿಂದ ನಾನು ಕಾಯಿಪಲ್ಯ ತರಲು ಹೋದರೂ ಅರ್ಧ ದಾರಿಯಿಂದ ಓಡಿಬರುತ್ತಿದ್ದೆ.

ಸ್ವಪ್ನಿಲ್ ಬಂದದ್ದು ಆಗಲೇ. ಹಳೆಯ ಕ್ಯಾಮೆರಾ ಕೊಂಡು ಮಾರುವ ಮರಾಠಿ ಮನುಷ್ಯ. ಸ್ಟುಡಿಯೊದ ಲೈಟು, ಸ್ಟ್ಯಾಂಡು ನೋಡಲು ಬಂದವನ ಕಣ್ಣು ನಮ್ಮ ದೇವರ ಜಗಲಿಯ ಮೇಲೆ ಬಿತ್ತು. ಅಲ್ಲಿ ವಿಭೂತಿ ಗಟ್ಟಿಯ ಪಕ್ಕದಲ್ಲಿ ನನ್ನ ಮಾವ ಶಿವಪುತ್ರಪ್ಪನವರ ಕ್ಯಾಮೆರಾ ಇತ್ತು. ಒಂದರ ಮೇಲೊಂದು ಎರಡು ಲೆನ್ಸು, ಕೊರಳಿಗೆ ಹಾಕಿಕೊಂಡು ಮೇಲಿನಿಂದ ಬಗ್ಗಿ ನೋಡುವ ಜರ್ಮನ್ ಡಬ್ಬಿ. ಇಂಡಿ ಕಡೆಯಿಂದ ಪುಣೆಗೆ ಬಂದ ಮಾವ ಅದನ್ನು ಕ್ಯಾಂಪಿನ ಒಬ್ಬ ಪಾರಸಿಯಿಂದ ಸೆಕೆಂಡ್ ಹ್ಯಾಂಡ್ ಕೊಂಡಿದ್ದರಂತೆ. ಭಾನುವಾರ ಬಂದರೆ ಜೇಜುರಿಗೆ ಹೋಗಿ, ನಮ್ಮ ಕಡೆಯಿಂದ ಖಂಡೋಬಾನ ದರ್ಶನಕ್ಕೆ ಬಂದ ಹೊಸ ಜೋಡಿಗಳ ಫೋಟೋ ತೆಗೆಯುತ್ತಿದ್ದರು. ಗಂಡ ಹೆಂಡತಿಯನ್ನು ಎತ್ತಿಕೊಂಡು ಮೆಟ್ಟಿಲು ಹತ್ತಬೇಕಲ್ಲ, ಅವನು ಏದುಸಿರು ಬಿಡುವ ಗಳಿಗೆಯನ್ನೇ ಹಿಡಿಯುತ್ತಿದ್ದರಂತೆ, ಕಿಲಾಡಿ ಮಾವ.

ಸ್ವಪ್ನಿಲ್ ಕ್ಯಾಮೆರಾವನ್ನು ಕೈಗೆತ್ತಿಕೊಂಡು ಲೆನ್ಸಿನ ಮೇಲಿನ ಪಟ್ಟಿಯನ್ನು ಓದಿದ. ಅಲ್ಲಿ ತಯಾರಿಸಿದ ಕಂಪನಿಯ ಹೆಸರು, ಅದರ ಕೆಳಗೆ ನಂಬರು. ಅವನ ದನಿ ಸಣ್ಣದಾಯಿತು. ಇದು ಅಗಲ ಲೆನ್ಸಿನದು, ಇಂಥವು ಕೆಲವೇ ತಯಾರಾಗಿದ್ದು, ಈ ನಂಬರು ಆ ಕೆಲವುಗಳೊಳಗಿನದೇ ಅಂದ. ಪರದೇಶದ ಹರಾಜಿನಲ್ಲಿ ಇಂಥದ್ದೇ ಒಂದು ಎಂಟು ಲಕ್ಷಕ್ಕೆ ಹೋದದ್ದನ್ನು ಫೋನಿನಲ್ಲಿ ತೋರಿಸಿದ. ಮಂಚದ ಮೇಲಿದ್ದ ನಮ್ಮವರು ಎದ್ದು ಕೂತರು.

ಮರುದಿನ ದಾಡಿ ಮಾಡಿಕೊಂಡರು. ನಾನು ರೊಟ್ಟಿ ತಟ್ಟುತ್ತಿದ್ದರೆ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಹರಾಜಿನ ಪಾಠ ಹೇಳತೊಡಗಿದರು. ಹರಾಜಿನವರು ಹೇಳುವ ಅಂದಾಜು ಬೆಲೆಯೇ ಬೇರೆ, ಸುತ್ತಿಗೆ ಬಿದ್ದಾಗಿನ ಬೆಲೆಯೇ ಬೇರೆ. ಲೆನ್ಸಿಗೆ ಬೂಸ್ಟು ಹಿಡಿದಿದ್ದರೆ ಅರ್ಧ, ಚರ್ಮದ ಚೀಲ ಇದ್ದರೆ ಮತ್ತಿಷ್ಟು. ಯಾವ ಊರಲ್ಲಿ ಯಾವ ತಿಂಗಳು ಎಷ್ಟಕ್ಕೆ ಹೋಯಿತು ಅನ್ನುವುದೆಲ್ಲ ಬಾಯಿಪಾಠ.

"ಕೂಸು ಹುಟ್ಟೂಕಿಂತ ಮೊದಲ ಕುಲಾಯಿ ಹೊಲೀಬ್ಯಾಡ್ರಿ" ಅಂದೆ.

"ಕೂಸು ಹುಟ್ಟೇ ಅದ ಮಾರಾಯ್ತಿ, ಜಗಲಿ ಮ್ಯಾಲ ಕುಂತದ" ಅಂದು ನಕ್ಕರು.

ಆ ನಗು ಕೇಳುತ್ತ ನಿಂತು ಒಂದು ರೊಟ್ಟಿ ಕರಕಲಾಯಿತು. ಸುಡಲಿ ಬಿಡು ಅಂದುಕೊಂಡೆ. ದುಡ್ಡು ಬಂದರೆ ಹಳೆಯ ಹರಿದ ಫೋಟೋಗಳನ್ನು ಸರಿಮಾಡಿಕೊಡುವ ಅಂಗಡಿ ಹಾಕುತ್ತಾರಂತೆ. ಹಾಕಲಿ, ಬಿಡಲಿ. ನನಗೆ ಎಂಟು ಲಕ್ಷ ಬೇಕಿರಲಿಲ್ಲ, ಎದ್ದು ಕೂತ ಗಂಡ ಬೇಕಿತ್ತು. ಆ ಗಂಡನನ್ನು ನನಗೆ ಕೊಟ್ಟದ್ದು ಆ ಕ್ಯಾಮೆರಾ.

ಹರಾಜಿಗೆ ಕಳಿಸುವ ದಿನ ಗೊತ್ತುಮಾಡಲು ಸ್ವಪ್ನಿಲ್ ಮತ್ತೊಮ್ಮೆ ಬಂದ. "ವಡಿಲಾಂಚಾಚ ಆಹೆ, ಯಾಚಾ ಪುರಾವಾ ಪಾಹಿಜೆ" ಅಂದ. ಅಪ್ಪನದೇ ಅನ್ನುವುದಕ್ಕೆ ಪುರಾವೆ ಬೇಕು, ಕಳವಿನ ಮಾಲು ಬಂದೀತು ಅಂತ ಹರಾಜಿನವರು ಬಹಳ ಹೆದರುತ್ತಾರೆ. ನನ್ನ ಅತ್ತೆ ಶಿವಗಂಗವ್ವ ಅಲ್ಲೇ ಹೂಬತ್ತಿ ಹೊಸೆಯುತ್ತಾ ಕೂತಿದ್ದರು. ಇಷ್ಟು ವರ್ಷ ಪುಣೆಯಲ್ಲಿದ್ದವರಿಗೆ ಮರಾಠಿ ಚೆನ್ನಾಗಿ ಗೊತ್ತು, ಓದು ಮಾತ್ರ ಯಾವ ಭಾಷೆಯದೂ ಬಾರದು. ಕಳವು ಅನ್ನುವ ಮಾತು ಕೇಳಿ ಅವರ ಮುಖ ಕೆಂಪಾದದ್ದನ್ನು ನಾನು ನೋಡಿದೆ.

ನಮ್ಮವರಿಗೆ ನೆನಪಾಯಿತು. ಮಾವನ ಗೆಳೆಯ ಕಾಡಪ್ಪ ಚಿಂಚವಾಡದಲ್ಲಿದ್ದಾರೆ, ಅವರ ಮನೆಯ ಗೋಡೆಗೆ ಜೇಜುರಿಯಲ್ಲಿ ತೆಗೆದ ಫೋಟೋ ಇದೆ, ಅದರಲ್ಲಿ ಅಪ್ಪನ ಕೊರಳಲ್ಲಿ ಕ್ಯಾಮೆರಾ ಇದೆ. ಮರುದಿನ ಮುಂಜಾನೆಯೇ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟರು. ನಾನು ಡಬ್ಬಿ ಕೊಡಲು ಹೋದೆ.

ಸಂಜೆ ನಮ್ಮವರು ಬಾಗಿಲಲ್ಲೇ ಕೂಗಿದರು, "ರೇಣು, ಸಿಕ್ತು! ಕ್ಯಾಮೆರಾದ ಮ್ಯಾಲಿನ ಅಕ್ಷರ ಸುದ್ದಾ ಕಾಣತಾವ ನೋಡು!" ಫೋಟೋದಲ್ಲಿ ಮಾವ ಭಂಡಾರದ ಅರಿಸಿನದಲ್ಲಿ ಮಿಂದವರ ಹಾಗೆ ನಿಂತು ನಗುತ್ತಿದ್ದರು.

"ನನ್ನ ಕಡೆನೂ ಒಂದು ಪುರಾವಾ ಅದ, ಬಾ ತಮ್ಮಾ" ಅಂದರು ಅತ್ತೆ. ಜಗಲಿಯ ಮೇಲೆ ಕ್ಯಾಮೆರಾಕ್ಕೆ ಹೊಸದಾಗಿ ಕುಂಕುಮ ಹಚ್ಚಿದ್ದರು.

ನಮ್ಮ ಮನೆಯಲ್ಲಿ ತಂಬಿಗೆಯಿಂದ ಹಿಡಿದು ಕೊಪ್ಪರಿಗೆಯವರೆಗೆ ಹೆಸರು ಹಾಕಿಸದ ಬಾಂಡೆ ಇಲ್ಲ. ಹಳೆಯದನ್ನು ಕೊಂಡರಂತೂ ಮೊದಲಿನವರ ಹೆಸರನ್ನು ಉಜ್ಜಿಸಿ ತೆಗೆಸದೆ ಒಳಗೆ ತರುವುದಿಲ್ಲ. ಬೇರೆಯವರ ಹೆಸರಿನ ತಂಬಿಗೆ ಮನೆಯಲ್ಲಿದ್ದರೆ ಅದು ಕದ್ದದ್ದೇ ಎಂದು ಜನ ತಿಳಿಯುತ್ತಾರೆ. ಅತ್ತೆ ಕ್ಯಾಮೆರಾವನ್ನು ಸೆರಗಿನಲ್ಲಿ ಸುತ್ತಿಕೊಂಡು ಬಾಂಡೆ ಅಂಗಡಿಗೆ ಹೋಗಿದ್ದರು.

"ಆ ಪಾರಸ್ಯಾನ ಹೆಸರು ಇನ್ನೂ ಹಂಗ ಇತ್ತಲ್ಲೋ! ಇಷ್ಟು ವರ್ಷ ನಿಮ್ಮಪ್ಪಗ ಅದರ ಖಬರೇ ಇದ್ದಿಲ್ಲ. ಅರಾ ಹಾಕಿ ಉಜ್ಜಿಸಿ ಪೂರಾ ತೆಗಸೀನಿ, ಕೆಳಗ ಏನೋ ಅಂಕಿ ಇದ್ದವು, ಅವನ್ನೂ. ಅದರ ಮ್ಯಾಲ ನಿಮ್ಮಪ್ಪನ ಹೆಸರು ಹಾಕಿಸೀನಿ. ಇನ್ನ ಯಾವಾಂವ ಕಳವಿನ ಮಾಲು ಅಂತಾನ, ಅನ್ನಲಿ ನೋಡೂಣು."

ಲೆನ್ಸಿನ ಮೇಲಿನ ಪಟ್ಟಿ ಬೆಳ್ಳಗೆ ಹೊಳೆಯುತ್ತಿತ್ತು. ಅದರ ಮೇಲೆ ಚುಕ್ಕಿ ಚುಕ್ಕಿಯಾಗಿ, ನಮ್ಮ ಹಾಲಿನ ಗಿಂಡಿಯ ಮೇಲೆ ಇರುವ ಹಾಗೆಯೇ, ಶಿವಪುತ್ರಪ್ಪ ಹುಲ್ಲೋಳಿ, ಧನಕವಡಿ.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಅನ್ನುತ್ತಾರಲ್ಲ, ಅದು ನನ್ನ ನಾಲಿಗೆ ತುದಿಗೆ ಬಂದಿತ್ತು. ಅದಕ್ಕಿಂತ ಕೆಟ್ಟ ಮಾತುಗಳೂ ಬಂದಿದ್ದವು. ನಮ್ಮವರು ನನ್ನ ಕೈ ಒತ್ತಿದರು. ಪಟ್ಟಿಯ ಮೇಲೆ ಹೆಬ್ಬೆರಳು ಆಡಿಸಿದರು, ಇನ್ನೊಮ್ಮೆ ಆಡಿಸಿದರು.

"ಛಲೋ ಮಾಡಿದಿ, ಅವ್ವಾ" ಅಂದರು.

ಬಚ್ಚಲಿನ ಹತ್ತಿರ ನಿಂತು ಸ್ವಪ್ನಿಲ್‌ಗೆ ಫೋಟೋ ಕಳಿಸಿ ಫೋನ್ ಮಾಡಿದರು. ನಂಬರಿಲ್ಲದ ಕ್ಯಾಮೆರಾವನ್ನು ಯಾವ ಹರಾಜಿನವರೂ ಮುಟ್ಟುವುದಿಲ್ಲ ಅಂದ. ನಂಬರು ಉಜ್ಜಿದ್ದಾರೆ ಅಂದರೆ ಕದ್ದದ್ದೇ ಎಂದು ಅವರ ಲೆಕ್ಕವಂತೆ. ನಮ್ಮವರು ಕಾಡಪ್ಪನ ಮನೆಯ ಫೋಟೋದ ಮಾತು ತೆಗೆದರು. "ಅದರಲ್ಲಿ ನಂಬರು ಕಾಣುತ್ತದೆಯೇ?" ಎಂದು ಕೇಳಿದ. ಕಾಣುತ್ತಿರಲಿಲ್ಲ. "ಶೋಕೇಸಿನಲ್ಲಿ ಇಟ್ಟುಕೊಳ್ಳಿ, ಚೆನ್ನಾಗಿ ಕಾಣುತ್ತದೆ" ಅಂದು ಫೋನಿಟ್ಟ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಒಳಗಿನಿಂದ ಅತ್ತೆ ಕೇಳಿದರು, "ಏನಂದಾ? ರೇಟ್ ಏರಿತೇನು?"

ನಾನು ನಮ್ಮವರ ಮುಖ ನೋಡಿದೆ.

"ಹತ್ತು ಆತಂತವ್ವಾ."

"ಹೆಸರು ಹಾಕಿಸಿದ್ದಕ್ಕ?"

"ಹೂಂ. ಹೆಸರು ಹಾಕಿಸಿದ್ದಕ್ಕ."

ಅತ್ತೆ ಪಕ್ಕದ ಮನೆಯ ಇಂದೂಗೆ ಸಕ್ಕರೆ ಕೊಟ್ಟು ಬಂದರು. ಓದು ಬಾರದ ನಾನು ಎರಡು ಲಕ್ಷ ದುಡಿದೆ ಎಂದು ಹೇಳಿಕೊಂಡರಂತೆ. ಇಷ್ಟು ಹಿಗ್ಗಿದ್ದನ್ನು ನಾನು ಅವರಲ್ಲಿ ಕಂಡೇ ಇರಲಿಲ್ಲ. ನನಗೆ ಅವರ ಮೇಲೆ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಅಳು ಬಂತು, ಎರಡನ್ನೂ ಹಿಟ್ಟಿನಲ್ಲಿ ಹಾಕಿ ನಾದಿದೆ.

ಆಮೇಲೆ ಅದೇ ರೂಢಿಯಾಯಿತು. ಸಂಜೆ ದೀಪ ಹಚ್ಚಿದ ಕೂಡಲೇ ಅತ್ತೆ ರೇಟು ಕೇಳುತ್ತಾರೆ. ನಮ್ಮವರು ಮಂಚದ ತುದಿಗೆ ಕೂತು ಆರಿಹೋದ ಫೋನನ್ನು ಕಣ್ಣ ಮುಂದೆ ಹಿಡಿಯುತ್ತಾರೆ. ಹನ್ನೊಂದು ಆತವ್ವಾ. ಜಪಾನಿನಾಂವ ಒಬ್ಬ ಕೇಳ್ಯಾನ. ಕೊಟ್ಟುಬಿಡು ಅನ್ನುತ್ತಾರೆ ಅತ್ತೆ. ತಡಿ, ಇನ್ನೂ ಏರತದ ಅನ್ನುತ್ತಾರೆ ಇವರು. ದಿನವಿಡೀ ಅವರು ಬಾಯಿ ಬಿಡುವುದು ಆಗ ಮಾತ್ರ. ಮುಗಿದ ಕೂಡಲೇ ಮಲಗುತ್ತಾರೆ. ನನ್ನ ಡಬ್ಬಿ ದಿನಾಲೂ ಒಂದು ಉಳಿಯುತ್ತದೆ.

"ಈ ಸುಳ್ಳು ಎಷ್ಟು ದಿನಾ ಹೇಳ್ತೀರಿ?" ಎಂದು ಒಮ್ಮೆ ಜೋರು ಮಾಡಿದೆ.

"ಹೇಳೂದು ಆಗೂತನಾ ಹೇಳ್ತೀನಿ" ಅಂದರು. ಸಿಟ್ಟಿರಲಿಲ್ಲ, ದುಃಖವೂ ಇರಲಿಲ್ಲ. ಸಿಟ್ಟಾಗಿದ್ದರೆ ನಾನು ಹೆದರುತ್ತಿರಲಿಲ್ಲ.

ನಿನ್ನೆ ಸಂಜೆ ಅತ್ತೆ ದೀಪ ಹಚ್ಚಿ ಕರೆದರು, "ಅಮರಾ, ಇವತ್ತ ಎಷ್ಟಾತೋ?" ಉತ್ತರವಿಲ್ಲ. ನಾನು ಹಿಟ್ಟಿನ ಕೈಯಲ್ಲೇ ಒಳಗೆ ಓಡಿದೆ. ಕಣ್ಣು ತೆರೆದೇ ಇದ್ದವು, ಉಸಿರಾಡುತ್ತಿದ್ದರು. ಭುಜ ಹಿಡಿದು ಅಲುಗಾಡಿಸಿದೆ. ನನ್ನ ಕಡೆ ನೋಡಲಿಲ್ಲ.

"ಅಮರಾ?" ಅತ್ತೆಯ ದನಿ ಸಣ್ಣದಾಗಿತ್ತು.

ಹಾಸಿಗೆಯ ಮೇಲಿದ್ದ ಫೋನನ್ನು ಎತ್ತಿಕೊಂಡೆ.

"ಹದಿನಾಲ್ಕು ಆತಂತ್ರಿ, ಅತ್ತಿ" ಅಂದೆ.

"ಅಯ್ಯ, ಹದಿನಾಲ್ಕು! ಅಂವಾ ಯಾಕ ಮಾತಾಡವಲ್ಲ?"

"ಲೆಕ್ಕಾ ಹಾಕ್ಲಿಕತ್ತಾರ್ರಿ" ಅಂದೆ.