ತಾಯಿ ನೀರುನಾಯಿ ಬಂದ ರೀಲು

೧೯೮೪ರ ಬೇಸಿಗೆಯಲ್ಲಿ ಸವಣೂರಿನ ಟೆಂಟ್ ಟಾಕೀಜಿಗೆ ಒಂದು ಕಾರ್ಟೂನ್ ಸಿನಿಮಾ ಬಂತು. ಹೊಳೆದಂಡೆಯ ನೀರುನಾಯಿ ಮರಿಯ ಕಥೆ. ಪರದೇಶದ ಹಳೆಯ ಮಕ್ಕಳ ಪುಸ್ತಕಮಾಲೆಯೊಂದನ್ನು ಆಧರಿಸಿದ್ದು. ಮಾತು ಮಾತ್ರ ಹಿಂದಿ. ಆ ಪುಸ್ತಕಗಳ ಕನ್ನಡ ಅನುವಾದವನ್ನು ಶಾಲೆಯ ಶಿಕ್ಷಕಿ ಗೋಪಿಕಾಬಾಯಿ ಚಿಕ್ಕಂದಿನಲ್ಲೇ ಓದಿದ್ದರು. ಹಿಂದಿ ಅವರಿಗೆ ಅಷ್ಟಕ್ಕಷ್ಟೇ. ಹಾಗಾಗಿ ಹಿಂದಿ ಬಲ್ಲ ಪಕ್ಕದ ಮನೆಯ ನೂರಜಹಾನಳನ್ನು ಜೊತೆಗೆ ಕರೆದೊಯ್ದರು.

“ಈಗ ಅವ್ವನ್ನ ಹುಡುಕ್ಕೋತ ಹೊಂಟೈತ್ರಿ ಅಕ್ಕೋರ,” ಎಂದು ನೂರಜಹಾನ ಕಿವಿಯಲ್ಲಿ ಹೇಳುತ್ತಿದ್ದಳು.

ಮರಿ ಹೊಳೆಯ ಸೆಳವಿಗೆ ಸಿಕ್ಕಾಗ ಪರದೆ ಬೆಳ್ಳಗಾಯಿತು. ಶಿಗ್ಗಾವಿಯಲ್ಲೂ ಅದೇ ಪ್ರಿಂಟು ಓಡುತ್ತಿತ್ತು. ಕೊನೆಯ ರೀಲು ಅಲ್ಲಿಂದ ಬಸ್ಸಿನಲ್ಲಿ ಬರಬೇಕಿತ್ತು. ಬಸ್ಸು ಬಂದಿರಲಿಲ್ಲ. ಮಕ್ಕಳು ಗದ್ದಲ ಎಬ್ಬಿಸಿದವು.

ನೂರಜಹಾನ ಎದ್ದು ನಿಂತಳು. “ಸುಮ್ನ ಕುಂದರ್ರಿ! ಮುಂದಿನ ಕಥಿ ನಮ್ಮ ಅಕ್ಕೋರಿಗೆ ಗೊತ್ತೈತಿ.”

ಗೋಪಿಕಾಬಾಯಿ ಸಂಕೋಚದಿಂದಲೇ ಪರದೆಯ ಮುಂದೆ ಹೋದರು. ಮರಿ ಹೇಗೆ ದಡ ಸೇರಿತು, ಹೇಗೆ ತಾನೇ ಮೀನು ಹಿಡಿಯಲು ಕಲಿಯಿತು, ಎಲ್ಲವನ್ನೂ ಹೇಳಿದರು.

“ಅದರವ್ವ?” ಮುಂದೆ ಕೂತ ಹುಡುಗಿಯೊಬ್ಬಳು ಕೇಳಿದಳು.

“ಬರಲಿಲ್ಲವ್ವಾ. ಸತ್ತು ಹೋಗಿತ್ತು.”

ಚಿಕ್ಕಂದಿನಲ್ಲಿ ಗೋಪಿಕಾಬಾಯಿಯ ತಾಯಿ ತೀರಿಕೊಂಡಾಗ, ಅವ್ವ ಕಾಶಿಗೆ ಹೋಗಿದ್ದಾಳೆಂದು ಮನೆಯವರು ಅವರನ್ನು ವರ್ಷಗಟ್ಟಲೆ ನಂಬಿಸಿದ್ದರು. ಸತ್ತವರು ಬರುವುದಿಲ್ಲ ಎಂದು ಅವರಿಗೆ ನೇರವಾಗಿ ಹೇಳಿದ್ದು ಆ ಪುಸ್ತಕವೇ.

ಅಷ್ಟರಲ್ಲಿ ರೀಲು ಬಂತು. ಸಿನಿಮಾದಲ್ಲಿ ತಾಯಿ ನೀರುನಾಯಿ ಆಚೆ ದಂಡೆಯಲ್ಲಿ ಕಾದು ನಿಂತಿತ್ತು. ಮಕ್ಕಳು ಶಿಳ್ಳೆ ಹೊಡೆದವು. ಅದೇ ಹುಡುಗಿ ತಿರುಗಿ ಕೂಗಿದಳು: “ಅಕ್ಕೋರ, ಅವ್ವ ಬಂತು ನೋಡ್ರಿ!”

ಗೋಪಿಕಾಬಾಯಿಗೆ ಸಿಟ್ಟೇ ಬಂತು. ಪುಸ್ತಕವನ್ನು ಕೆಡಿಸಿದ್ದಾರೆ ಅನ್ನಿಸಿತು. ಆದರೆ ಮರಿ ಓಡಿಹೋಗಿ ತಾಯಿಯ ಹೊಟ್ಟೆಯಡಿ ಮುಖ ಹುದುಗಿಸಿದಾಗ ಅವರ ಕಣ್ಣು ತುಂಬಿದವು. ಸೆರಗಿನಿಂದ ಒರೆಸಿಕೊಂಡರು. ನೂರಜಹಾನ ನೋಡಿಯೂ ನೋಡದಂತೆ ಕೂತಳು.

ಮನೆಗೆ ನಡೆಯುವಾಗ ಅವಳು ಕೇಳಿದಳು: “ಯಾವ್ದು ಖರೆ ಅಕ್ಕೋರ?”

“ಪುಸ್ತಕದಾಗಿಂದು ಖರೆ.” ಗೋಪಿಕಾಬಾಯಿ ಚುರುಕು ಹೆಜ್ಜೆ ಹಾಕಿ ವೀಳ್ಯದೆಲೆ ತೋಟ ದಾಟಿದರು. ಆಮೇಲೆ, “ನಾಳೆ ಮತ್ತೊಮ್ಮೆ ನೋಡಲಿಕ್ಕೆ ಹೋಗೂಣೇನು?” ಎಂದರು.

“ಹೋಗೂಣ್ರಿ. ನಾಳೆ ನಾ ಏನೂ ಹೇಳಂಗಿಲ್ಲ ಮತ್ತ.”

“ಹೇಳೂದು ಬ್ಯಾಡ. ಸುಮ್ನ ನೋಡೂಣ.”

ಮರುದಿನ ಸಂಜೆ ಇಬ್ಬರೂ ಮಕ್ಕಳ ನಡುವೆ, ಮುಂದೆಯೇ ಹೋಗಿ ಕೂತರು.